ಕೊಡೆಯ ಬದಲಿಗೆ

ಅವೆನ್ಯೂ ರಸ್ತೆಯ ಒಂದು ಹಳೇ ಪುಸ್ತಕದ ಅಂಗಡಿಯಲ್ಲಿ ನಡೆದ ಸಣ್ಣ ಸಂಗತಿಯೊಂದು ಎರಡು ವರ್ಷದಿಂದ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಶನಿವಾರ ಮಧ್ಯಾಹ್ನ. ಅಂಗಡಿ ತುಂಬ ಸಿಇಟಿ ಗೈಡುಗಳು, ಎಂಜಿನಿಯರಿಂಗ್ ಪುಸ್ತಕಗಳು. ಕನ್ನಡದ ಕಥೆ, ಕಾದಂಬರಿ ಎಲ್ಲಾ ತೀರಾ ಕೆಳಗಿನ ಸಾಲಿನಲ್ಲಿ. ನೆಲದ ಮೇಲೆ ಕೂತರೆ ಮಾತ್ರ ಕಾಣುತ್ತವೆ. ಹಾಗೆ ಕೂತು ಹುಡುಕುವಾಗ ಒಂದು ನಗೆಬರಹಗಳ ಪುಸ್ತಕ ಸಿಕ್ಕಿತು. 60ರ ದಶಕದ್ದು. ರಟ್ಟು ಬಿಟ್ಟುಕೊಂಡಿತ್ತು, ಒಳಗೆ ಚೆನ್ನಾಗಿಯೇ ಇತ್ತು. 150 ರೂಪಾಯಿಗೆ ಒಪ್ಪಿದ. ನಾನು ಪರ್ಸಿಗೆ ಕೈ ಹಾಕುವಷ್ಟರಲ್ಲಿ ಅಂಗಡಿಯ ಹುಡುಗ ಪುಸ್ತಕ ತೆರೆದು, ಮೊದಲ ಹಾಳೆಯನ್ನು ಪರ್ ಅಂತ ಹರಿದು, ಉಂಡೆ ಮಾಡಿ ಕಾಲ ಬುಡಕ್ಕೆ ಹಾಕಿದ.

"ಯಾಕಪ್ಪಾ ಹರಿದೆ?"

"ಯಾರದೋ ಹೆಸ್ರು ಬರ್ದಿತ್ತು ಮೇಡಂ. ನಿಮಗೆ ಕ್ಲೀನಾಗಿರ್ಲಿ ಅಂತ."

ಅವನು ಉಪಕಾರ ಮಾಡಿದ ಅಂತಲೇ ತಿಳಿದಿದ್ದ. ನಿಜಕ್ಕೂ ಅವನ ತಪ್ಪೇನಿಲ್ಲ. ಕೊಳ್ಳುವವರು ಬೇರೆಯವರ ಹೆಸರಿರುವ ಪುಸ್ತಕ ಬೇಡ ಅನ್ನುತ್ತಾರಂತೆ. ಕೆಲವು ಸಲ ಮಾರುವ ಮನೆಯವರೇ "ಹೆಸರಿರೋ ಹಾಳೆ ಕಿತ್ತಾಕಿಬಿಡಿ" ಎಂದು ಹೇಳಿ ಹೋಗುತ್ತಾರಂತೆ. ತಂದೆಯ ಪುಸ್ತಕ ತೂಕಕ್ಕೆ ಹಾಕಿದ್ದು ಯಾರಿಗೂ ಗೊತ್ತಾಗಬಾರದು ಎಂಬ ಸಂಕೋಚ ಇರಬಹುದು. ನಾನು ಆ ಉಂಡೆಯನ್ನು ಎತ್ತಿಕೊಂಡು ಅಲ್ಲೇ ಬಿಡಿಸಿದೆ. ಶಾಯಿ ಪೆನ್ನಿನ ಬರಹ. ಬಣ್ಣ ಕಂದಿತ್ತು, ಅಕ್ಷರ ಸ್ಪಷ್ಟವಾಗಿತ್ತು. ಮೇಲೆ ಒಬ್ಬ ವಕೀಲರ ಹೆಸರು. ಕೆಳಗೆ ಪುಸ್ತಕ ಬರೆದವರ ಸಹಿ, ತಾರೀಖು. ನಡುವೆ ಒಂದೇ ಸಾಲು: "ಕೊಡೆಯ ಬದಲಿಗೆ, ಇದು."

ಯಾವ ಕೊಡೆ? ಕೊಡೆಗೂ ಪುಸ್ತಕಕ್ಕೂ ಏನು ಸಂಬಂಧ? ಲೇಖಕರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಆ ವಕೀಲರ ಮನೆಯವರು ಯಾರೆಂದು ತಿಳಿದವರಿಗೆ ತಿಳಿದುಬಿಡುತ್ತದೆ. ಆದರೆ ಆ ಒಂದು ಸಾಲಿನಿಂದ ನನ್ನ ಸಂಗ್ರಹದ ದಿಕ್ಕೇ ಬದಲಾಯಿತು. ಅದನ್ನು ಹೇಳಬೇಕು ಅಂತಲೇ ಕೂತಿದ್ದೇನೆ.

ತಾತನ ಟ್ರಂಕು

ನನಗೆ ಹಳೆಯ ನಗೆ ಪತ್ರಿಕೆಗಳ ಹುಚ್ಚು ಹಿಡಿಸಿದ್ದು ತಿಪಟೂರಿನ ತಾತ. ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಮನೆಯಲ್ಲಿ ಪುಸ್ತಕ ಅಂತ ಇದ್ದದ್ದು ಕಡಿಮೆ. ದೇವರ ಕೋಣೆಯಲ್ಲಿ ಗದುಗಿನ ಭಾರತ, ಗೋಡೆಯ ಮೊಳೆಯಲ್ಲಿ ಪಂಚಾಂಗ, ಮಂಚದ ಕೆಳಗಿನ ಕಬ್ಬಿಣದ ಟ್ರಂಕಿನಲ್ಲಿ 'ಕೊರವಂಜಿ' ಎಂಬ ನಗೆ ಪತ್ರಿಕೆ. ಬೇಸಿಗೆ ರಜೆಗೆ ನಾವು ಹೋದಾಗ ಮಧ್ಯಾಹ್ನ ಊಟ ಆದಮೇಲೆ ತಾತ ಟ್ರಂಕು ಎಳೆದು, ಕೈಗೆ ಸಿಕ್ಕಿದ ಒಂದು ಸಂಚಿಕೆ ತೆಗೆದುಕೊಂಡು ಜಗುಲಿಯ ಮೇಲೆ ಕೂರುತ್ತಿದ್ದರು. ಆ ಹೊತ್ತಿಗೆ ಪತ್ರಿಕೆ ನಿಂತೇ ಹದಿನೈದು ವರ್ಷ ಆಗಿತ್ತು. ತಾತನಿಗೆ ಅದರ ಲೆಕ್ಕವೇ ಇರಲಿಲ್ಲ. ಅದೇ ಸಂಚಿಕೆ, ಅದೇ ಪುಟ, ಅದೇ ನಗು. ಮೊದಲು ಹೊಟ್ಟೆ ಕುಲುಕುತ್ತಿತ್ತು, ಆಮೇಲೆ ಭುಜ, ಆಮೇಲೆ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಒಳಗಿನಿಂದ ಅಜ್ಜಿಯ ದನಿ: "ಅದೆಷ್ಟ್ ಸಲ ನಗ್ತೀರಿ ಅದಕ್ಕೇ!" ನಾವು ಮಕ್ಕಳು ತಾತ ನಗುವುದನ್ನು ನೋಡಿ ನಗುತ್ತಿದ್ದೆವು. ಯಾಕೆ ಅಂತ ಗೊತ್ತಿರಲಿಲ್ಲ.

ಒಂದು ಸಲ ನಾನು ಬಿಡದೆ ಕೇಳಿದೆ. "ತಾತ, ಇದರಲ್ಲಿ ನಗೋದು ಏನಿದೆ? ಹೇಳು." ಮೂರು ಸಾಲಿನ ಒಂದು ಚುಟುಕ ಅದು. ತಾತ ಅದನ್ನು ಬಿಡಿಸಿ ಹೇಳುವುದಕ್ಕೆ ಅರ್ಧ ಗಂಟೆ ತೆಗೆದುಕೊಂಡರು. ಯುದ್ಧ ಅಂತ ಒಂದು ಇತ್ತು ಕಣಮ್ಮ, ಎಲ್ಲೋ ದೂರದಲ್ಲಿ. ಆದರೆ ಸಕ್ಕರೆ ಇಲ್ಲಿ ಸಿಗುತ್ತಿರಲಿಲ್ಲ. ರೇಷನ್ ಕಾರ್ಡು ಬಂತು. ಸೀಮೆಎಣ್ಣೆಗೆ ಡಬ್ಬ ಹಿಡಿದು ಬೆಳಗಿನ ಜಾವವೇ ಹೋಗಿ ನಿಲ್ಲಬೇಕಿತ್ತು. ಮನುಷ್ಯ ನಿಲ್ಲಲಾಗದಿದ್ದರೆ ಡಬ್ಬ ಇಟ್ಟು ಬರುತ್ತಿದ್ದ, ಡಬ್ಬದ ಸರದಿ ಮನುಷ್ಯನ ಸರದಿ. ತಾತ ಅದನ್ನೆಲ್ಲ ಹೇಳಿ ಮುಗಿಸುವ ಹೊತ್ತಿಗೆ ನನಗೆ ನಗು ಬರಲಿಲ್ಲ. ಆದರೆ ಡಬ್ಬ ಹಿಡಿದು ನಿಂತ ತಾತ ಕಣ್ಣಿಗೆ ಕಟ್ಟಿದರು. ಆಗ ಅವರಿಗೆ ಇಪ್ಪತ್ತೈದು ವರ್ಷ ಇರಬೇಕು. ಚಳಿಗೆ ತಲೆಗೆ ಟವೆಲ್ ಸುತ್ತಿಕೊಂಡ ಹುಡುಗ. ಆ ಚಿತ್ರ ಇವತ್ತಿಗೂ ಹೋಗಿಲ್ಲ.

ಆ ಟ್ರಂಕು ಖಾಲಿಯಾದದ್ದರಲ್ಲಿ ನನ್ನ ಪಾಲೂ ಇದೆ. ಜೂನ್‌ನಲ್ಲಿ ಶಾಲೆ ಶುರುವಾಗುವಾಗ ನೋಟ್‌ಬುಕ್ಕಿಗೆ ಬೈಂಡು ಹಾಕಬೇಕಿತ್ತು. ಕಂದು ಕಾಗದ ಸಾಲಲಿಲ್ಲ. ಚಿಕ್ಕಮ್ಮ ಟ್ರಂಕಿನಿಂದ ಒಂದು ಕಂತೆ ತೆಗೆದು ಕೊಟ್ಟರು. ನಾಲ್ಕನೇ ಕ್ಲಾಸಿನ ಗಣಿತದ ನೋಟ್‌ಬುಕ್ಕಿಗೆ ನಾನೇ ಕೈಯಾರೆ ಪುಟ ಬಿಡಿಸಿ ಹೊದಿಸಿದೆ. ತಾತ ನೋಡಿದರು. ಬೈಯಲಿಲ್ಲ. "ಚಿತ್ರ ಹೊರಗಡೆ ಬರೋ ಹಾಗೆ ಹಾಕಮ್ಮ" ಅಂದರು, ಅಷ್ಟೇ. ಅವರು ಹೋದಮೇಲೆ ಉಳಿದದ್ದನ್ನೆಲ್ಲ ಮನೆಯವರು ಹಳೇ ಪೇಪರಿನವನಿಗೆ ತೂಕ ಹಾಕಿಸಿದರು. ಗದುಗಿನ ಭಾರತವನ್ನು ಯಾರೂ ತೂಕಕ್ಕೆ ಹಾಕಲಿಲ್ಲ. ಅದು ಈಗಲೂ ಚಿಕ್ಕಪ್ಪನ ಮನೆಯಲ್ಲಿದೆ, ಯಾರೂ ಓದುವುದಿಲ್ಲ. ತಾತ ದಿನಾ ಓದಿ ಕಣ್ಣೀರು ಬರುವಷ್ಟು ನಕ್ಕ ಪತ್ರಿಕೆ ಒಂದೂ ಉಳಿಯಲಿಲ್ಲ. ಪೂಜ್ಯ ಅನ್ನಿಸಿದ್ದನ್ನು ಮನೆ ಉಳಿಸಿಕೊಳ್ಳುತ್ತದೆ. ಸುಮ್ನೆ ಪ್ರೀತಿಸಿದ್ದನ್ನು ಉಳಿಸಿಕೊಳ್ಳಬೇಕು ಅಂತ ಯಾರಿಗೂ ಹೊಳೆಯುವುದಿಲ್ಲ.

ಡಾಕ್ಟರು ನಡೆಸಿದ ಪತ್ರಿಕೆ

ಕೊರವಂಜಿ ಶುರುವಾದದ್ದು 1942ರಲ್ಲಿ. ಎಂಥ ವರ್ಷ ನೋಡಿ. ಒಂದು ಕಡೆ ಮಹಾಯುದ್ಧ, ಇನ್ನೊಂದು ಕಡೆ ಕ್ವಿಟ್ ಇಂಡಿಯಾ ಚಳವಳಿ, ಕಾಗದಕ್ಕೆ ಅಭಾವ. ಅಂಥ ಹೊತ್ತಿನಲ್ಲಿ ಬೆಂಗಳೂರಿನ ಮೆಜೆಸ್ಟಿಕ್ ಹತ್ತಿರ ಕ್ಲಿನಿಕ್ ಇಟ್ಟುಕೊಂಡಿದ್ದ ಡಾಕ್ಟರ್ ಎಂ. ಶಿವರಾಂ ಅವರಿಗೆ ನಗೆಗಾಗಿಯೇ ಒಂದು ಮಾಸಪತ್ರಿಕೆ ಬೇಕು ಅನ್ನಿಸಿತು. ಕನ್ನಡಿಗರಿಗೆ ಅವರು 'ರಾಶಿ' ಅಂತಲೇ ಗೊತ್ತು. ಬೆಳಗಿನಿಂದ ಕೆಮ್ಮು, ಜ್ವರ, ಹೊಟ್ಟೆನೋವು ನೋಡಿದ ಮನುಷ್ಯ ರಾತ್ರಿ ಕೂತು ಜನರನ್ನು ನಗಿಸಲು ಬರೆಯುತ್ತಿದ್ದರು. ಪತ್ರಿಕೆಗೆ ಇಟ್ಟ ಹೆಸರು ನನಗೆ ಬಹಳ ಇಷ್ಟ. ಕೊರವಂಜಿ ಮನೆಮನೆಗೆ ಬಂದು ಕಣಿ ಹೇಳುವವಳು. ಬಾಗಿಲಲ್ಲೇ ನಿಂತು ಕೈ ನೋಡುತ್ತಾಳೆ, ಮುಖ ನೋಡುತ್ತಾಳೆ, ಮನೆಯವರು ಒಬ್ಬರಿಗೊಬ್ಬರು ಹೇಳಿಕೊಳ್ಳದ ಮಾತನ್ನು ಎಲ್ಲರ ಮುಂದೆ ಹೇಳಿಬಿಡುತ್ತಾಳೆ. ಯಾರಿಗೂ ಅವಳ ಮೇಲೆ ಸಿಟ್ಟು ಬರುವುದಿಲ್ಲ. ನಗೆ ಪತ್ರಿಕೆಗೆ ಇದಕ್ಕಿಂತ ಒಳ್ಳೆಯ ಹೆಸರು ಕನ್ನಡದಲ್ಲಿ ಇದ್ದೀತೆ?

25 ವರ್ಷ ನಡೆಯಿತು, 1967ರವರೆಗೆ. ತಿಂಗಳಿಗೊಂದರಂತೆ ಲೆಕ್ಕ ಹಾಕಿದರೆ ಸುಮಾರು 300 ಸಂಚಿಕೆ. 'ಅನರ್ಥಕೋಶ'ದ ನಾ. ಕಸ್ತೂರಿ ಇದರಲ್ಲಿ ಬರೆದರು. ಟಿ. ಸುನಂದಮ್ಮ ಬರೆದರು. ಗಂಡಸರೇ ತುಂಬಿದ್ದ ಹಾಸ್ಯದ ಜಗುಲಿಗೆ ಅಡುಗೆಮನೆಯ ಕಡೆಯಿಂದ ಬಂದು ಕೂತ ಹೆಂಗಸು ಅವರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದುತ್ತಿದ್ದ ಆರ್.ಕೆ. ಲಕ್ಷ್ಮಣ್ ಎಂಬ ಹುಡುಗ ಇದಕ್ಕೆ ವ್ಯಂಗ್ಯಚಿತ್ರ ಬರೆದ. ಮುಂದೆ ಅದೇ ಹುಡುಗ ಬೊಂಬಾಯಿಗೆ ಹೋಗಿ, 1951ರಿಂದ ತನ್ನ ವ್ಯಂಗ್ಯಚಿತ್ರದ ಶ್ರೀಸಾಮಾನ್ಯನನ್ನು ದೇಶಕ್ಕೆಲ್ಲ ಪರಿಚಯಿಸಿದ್ದು ಎಲ್ಲರಿಗೂ ಗೊತ್ತು. ಹಳೇ ಪುಸ್ತಕ ಮಾರುವವರಿಗೂ ಗೊತ್ತು. "ಇದ್ರಲ್ಲಿ ಲಕ್ಷ್ಮಣ್ ಇದೆ ಮೇಡಂ" ಅಂದರೆ ರೇಟು ಎರಡು ಪಟ್ಟು ಅಂತ ಅರ್ಥ. ಇನ್ನು ರಾಶಿಯವರಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಯಾವುದಕ್ಕೆ? 'ಮನಮಂಥನ'ಕ್ಕೆ. ಮನಸ್ಸಿನ ಕಾಯಿಲೆಗಳ ಬಗ್ಗೆ ಬರೆದ ಪುಸ್ತಕ. ಕಾಲು ಶತಮಾನ ನಗಿಸಿದವರು ಮನುಷ್ಯರ ಸಂಕಟವನ್ನು ಅಷ್ಟು ಹತ್ತಿರದಿಂದ ನೋಡಿದ್ದರು ಎಂಬುದನ್ನು ನಾನು ಆಗಾಗ ನೆನೆಯುತ್ತೇನೆ. 1983ರಲ್ಲಿ ಈ ಪತ್ರಿಕೆ 'ಅಪರಂಜಿ' ಎಂಬ ಹೆಸರಿನಲ್ಲಿ ಮತ್ತೆ ಹುಟ್ಟಿತು.

ನಾನು ಸಂಗ್ರಹ ಶುರು ಮಾಡಿದ್ದು ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದಮೇಲೆ. ಈಗ ನನ್ನ ಹತ್ತಿರ 61 ಬಿಡಿ ಸಂಚಿಕೆಗಳಿವೆ, ಎರಡು ಬೈಂಡ್ ಮಾಡಿದ ಸಂಪುಟಗಳಿವೆ. 300ರಲ್ಲಿ ಇದು ತುಂಬಾ ಕಡಿಮೆ. ಸಿಗುವುದು ಕಷ್ಟ. ಕಾಮಿಕ್ಸ್ ಆದರೆ ಸಿಗುತ್ತದೆ. ಇಂದ್ರಜಾಲ, ಅಮರ ಚಿತ್ರ ಕಥೆ ಹುಡುಕುವವರು ಬಹಳ ಜನ, ಹಾಗಾಗಿ ಮಾರುವವರೂ ಎತ್ತಿಡುತ್ತಾರೆ. 40ರ ದಶಕದ ಕನ್ನಡ ನಗೆ ಪತ್ರಿಕೆ ಕೇಳಿಕೊಂಡು ಬರುವವರು ಎಷ್ಟು ಜನ? ಕೇಳುವವರಿಲ್ಲ ಅಂದರೆ ಅದು ಅಂಗಡಿಯವರೆಗೂ ಬರುವುದಿಲ್ಲ. ತಕ್ಕಡಿಯಿಂದ ನೇರ ಕಾಗದದ ಗಿರಣಿಗೆ ಹೋಗುತ್ತದೆ.

ಬೈಂಡ್ ಮಾಡಿದ ಸಂಪುಟ ಸಿಕ್ಕಾಗ ಮೊದಲ ಸಲ ನಿಧಿ ಸಿಕ್ಕಿದ ಹಾಗೆ ಕುಣಿದಿದ್ದೆ. ಮನೆಗೆ ತಂದು ಬಿಚ್ಚಿದಮೇಲೆ ಮನಸ್ಸು ಮುದುಡಿತು. ಆಗಿನ ಕಾಲದಲ್ಲಿ ಆಸಕ್ತಿ ಇದ್ದವರು ವರ್ಷದ ಹನ್ನೆರಡು ಸಂಚಿಕೆ ಸೇರಿಸಿ ಹೊಲಿಸುತ್ತಿದ್ದರು. ಪ್ರೀತಿಯಿಂದಲೇ ಮಾಡುತ್ತಿದ್ದರು. ಆದರೆ ಹೊಲಿಯುವವರು ಮುಖಪುಟ ಕಿತ್ತುಹಾಕುತ್ತಿದ್ದರು, ಜಾಹೀರಾತಿನ ಹಾಳೆ ಕಿತ್ತುಹಾಕುತ್ತಿದ್ದರು, ಆಮೇಲೆ ಮೂರೂ ಕಡೆ ಅಂಚು ಸಮ ಕತ್ತರಿಸುತ್ತಿದ್ದರು. ಹಾಗೆ ಕತ್ತರಿಸುವಾಗ ಮೂಲೆಯಲ್ಲಿದ್ದ ಚಿತ್ರಕಾರನ ಸಹಿಯೂ ಹೋಗಿರುತ್ತದೆ. ನನ್ನ ಹತ್ತಿರ ಇರುವ ಒಂದು ಸಂಪುಟದಲ್ಲಿ ಹನ್ನೊಂದು ಚಿತ್ರಗಳಿಗೆ ಹೀಗಾಗಿದೆ. ಒಂದರಲ್ಲಿ ಸಹಿಯ ಅರ್ಧ ಅಕ್ಷರ ಉಳಿದಿದೆ. ಆ ಗೀಟಿನ ಬಳುಕು ಒಂದನ್ನೇ ಹಿಡಿದು, ಬೇರೆ ಸಂಚಿಕೆಗಳ ಸಹಿಯ ಪಕ್ಕ ಇಟ್ಟು, ಇದು ಯಾರದಿರಬಹುದು ಎಂದು ರಾತ್ರಿಯೆಲ್ಲ ನೋಡಿದ್ದೇನೆ. ಗೊತ್ತಾಗಲಿಲ್ಲ.

ಪಿನ್ನು

ಮೊದಮೊದಲು ನನಗೆ ಶುಭ್ರವಾದ ಪ್ರತಿಯೇ ಬೇಕಿತ್ತು. ಮಡಿಕೆ ಇರಬಾರದು, ಕಲೆ ಇರಬಾರದು, ಯಾರೂ ಏನೂ ಬರೆದಿರಬಾರದು. ಬರೆದಿದ್ದರೆ ವಾಪಸ್ ಇಡುತ್ತಿದ್ದೆ. ನಾಲ್ಕನೇ ಕ್ಲಾಸಿನಲ್ಲಿ ಮಾಡಿದ್ದನ್ನು ಹೇಗಾದರೂ ಸರಿ ಮಾಡಬೇಕು, ಅಂಗಡಿಯಿಂದ ಆಗತಾನೇ ಬಂದ ಹಾಗಿರುವ ಸಂಚಿಕೆ ತಂದು ತಾತನ ಟ್ರಂಕು ತುಂಬಬೇಕು ಎಂಬ ಹಟ ಇತ್ತು ಅಂತ ಕಾಣುತ್ತದೆ.

ಹಳೆಯ ಅಗ್ಗದ ಕಾಗದ ಇಟ್ಟುಕೊಂಡವರಿಗೆ ಇದು ಗೊತ್ತಿರುತ್ತದೆ. ಮರದ ತಿರುಳಿನಿಂದ ಮಾಡಿದ ಕಾಗದದಲ್ಲಿ ಲಿಗ್ನಿನ್ ಎಂಬ ಅಂಶ ಉಳಿದಿರುತ್ತದೆ. ಗಾಳಿ, ಬೆಳಕು ತಾಗಿದ ಹಾಗೆಲ್ಲ ಅದು ಹಳದಿಯಾಗುತ್ತದೆ. ಕಾಗದದೊಳಗೇ ಹುಳಿ, ಅಂದರೆ ಆಸಿಡ್, ಹುಟ್ಟಿ ನಾರು ಸಡಿಲವಾಗುತ್ತದೆ. ಕೊನೆಗೆ ಮೂಲೆ ಮಡಿಸಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಪಿನ್ನಿನದು ಇನ್ನೂ ಕಷ್ಟ. ಬೆನ್ನಿಗೆ ಹೊಡೆದ ಎರಡು ಪಿನ್ನು ತುಕ್ಕು ಹಿಡಿದು, ಆ ತುಕ್ಕು ಕಾಗದಕ್ಕೆ ಇಳಿದು, ಸುತ್ತ ಕೆಂಪು ಉಂಗುರವಾಗಿ ತಿನ್ನುತ್ತಾ ಹೋಗುತ್ತದೆ. ಅದನ್ನು ತೆಗೆಯಲೇಬೇಕು. ನಡುಪುಟ ತೆರೆದು, ಪಿನ್ನಿನ ಕಾಲಿನ ಕೆಳಗೆ ತೆಳುವಾದ ಪ್ಲಾಸ್ಟಿಕ್ ಚೂರು ಸೇರಿಸಿ, ಮೊಂಡು ಚಾಕುವಿನ ತುದಿಯಿಂದ ಒಂದೊಂದೇ ಕಾಲನ್ನು ನೇರ ಮಾಡಬೇಕು. ಎಳೆಯಬಾರದು. ಆಮೇಲೆ ಸಂಚಿಕೆ ತಿರುಗಿಸಿ ಹಿಂದಿನಿಂದ ಮೆಲ್ಲಗೆ ಎತ್ತಬೇಕು. ತುಕ್ಕಿನ ಪುಡಿಯನ್ನು ಮೆತ್ತನೆಯ ಬ್ರಷ್‌ನಿಂದ ತೆಗೆಯಬೇಕು, ಬಾಯಿಂದ ಊದಬಾರದು. ಅದೇ ತೂತುಗಳಲ್ಲಿ ಹತ್ತಿಯ ನೂಲು ಹಾಕಿ ಸಡಿಲವಾಗಿ ಕಟ್ಟಿದರೆ ಸಾಕು. ಸೆಲೋಟೇಪು ಬೇಡವೇ ಬೇಡ. ಲ್ಯಾಮಿನೇಶನ್ನೂ ಬೇಡ, ಒಮ್ಮೆ ಹಾಕಿದರೆ ಮತ್ತೆ ತೆಗೆಯಲು ಬರುವುದಿಲ್ಲ. ನಾನು ಸಂಚಿಕೆಗಳನ್ನು ಹುಳಿ ಇಲ್ಲದ ಬಿಳಿ ಕಾಗದದಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿ ಅಡ್ಡಲಾಗಿ ಮಲಗಿಸಿ ಇಡುತ್ತೇನೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಪೆಟ್ಟಿಗೆ ತೆರೆದು ನೋಡಬೇಕು.

ಒಂದು ರಾತ್ರಿ ಹೀಗೆ ಪಿನ್ನು ತೆಗೆಯುವಾಗ ನಡುಪುಟದ ಒಳ ಅಂಚಿನಲ್ಲಿ, ಪಿನ್ನಿನ ಪಕ್ಕದಲ್ಲೇ, ಪೆನ್ಸಿಲ್ಲಿನ ಬರಹ ಕಂಡಿತು. ಸಂಚಿಕೆ ಪೂರ್ತಿ ಬಿಚ್ಚಿದ್ದರಿಂದ ಮಾತ್ರ ಕಂಡದ್ದು. "ಪದ್ದುಗೆ ಓದಿ ಹೇಳಬೇಕು." ಅಷ್ಟೇ. ಪಕ್ಕದ ಚುಟುಕಕ್ಕೆ ಒಂದು ಗೆರೆ ಎಳೆದಿತ್ತು. ಅದನ್ನು ಓದಿದೆ. ನನಗೆ ಏನೂ ನಗು ಬರಲಿಲ್ಲ. ಆದರೆ ಎಪ್ಪತ್ತು ವರ್ಷದ ಹಿಂದೆ ಒಬ್ಬರು ಇಲ್ಲಿ ನಕ್ಕರು. ಒಬ್ಬರೇ ನಕ್ಕರೆ ಸಾಲದು ಅನ್ನಿಸಿತು. ಪೆನ್ಸಿಲ್ ಹುಡುಕಿದರು. ಪದ್ದು ಓದಲು ಬಾರದವಳೋ, ಕಣ್ಣು ಕಾಣದವಳೋ, ಅಡುಗೆಮನೆಯಿಂದ ಪುರುಸೊತ್ತು ಸಿಗದವಳೋ. ಇಡೀ ಸಂಚಿಕೆಯಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಆ ಮೂರು ಪದ.

ಆವತ್ತಿನಿಂದ ಶುಭ್ರವಾದ ಪ್ರತಿ ನೋಡಿದರೆ ನನಗೆ ಸ್ವಲ್ಪ ಬೇಸರವೇ. ನಗೆ ಪತ್ರಿಕೆ ಎಪ್ಪತ್ತು ವರ್ಷ ಹೊಸದಾಗಿ ಉಳಿದಿದೆ ಅಂದರೆ ಅದನ್ನು ಯಾರೂ ಓದಲಿಲ್ಲ ಅಂತ ಅಲ್ವಾ? ಚೆನ್ನಾಗಿ ಓದಿಸಿಕೊಂಡದ್ದು ಕೈಯಿಂದ ಕೈಗೆ ಹೋಗಿ, ಪಕ್ಕದ ಮನೆಗೆ ಹೋಗಿ, ವಾಪಸ್ ಬರದೆ, ಹರಿದು ಹೋಗಿರುತ್ತದೆ. ಈಗ ನಾನು ಅಂಗಡಿಯಲ್ಲಿ ಎಣ್ಣೆಯ ಕಲೆ ಇರುವುದನ್ನು, ವಾಚನಾಲಯದ ನೇರಳೆ ಮುದ್ರೆ ಇರುವುದನ್ನು, ಮಗು ಗೀಚಿದ್ದನ್ನು ಮೊದಲು ಎತ್ತಿಕೊಳ್ಳುತ್ತೇನೆ. ಹಳೆಯ ಕೊರವಂಜಿಗಳನ್ನು ಸ್ಕ್ಯಾನ್ ಮಾಡಿ ಡಿಜಿಟಲ್ ರೂಪದಲ್ಲಿ ತಂದಿದ್ದಾರೆ, ಅದು ದೊಡ್ಡ ಕೆಲಸ. ಹಾಗೆ ಮಾಡಿದವರಿಗೆ ಕೈಮುಗಿಯುತ್ತೇನೆ. ಬಸ್ಸಿನಲ್ಲಿ ಮೊಬೈಲಿನಲ್ಲಿ ನಾನೂ ಓದುತ್ತೇನೆ. ಆದರೆ ಸ್ಕ್ಯಾನ್ ಮಾಡುವುದು ಒಂದು ಪ್ರತಿಯನ್ನು. ಪದ್ದು ಇರುವ ಪ್ರತಿ ನನ್ನ ಪೆಟ್ಟಿಗೆಯಲ್ಲಿದೆ.

ಸಹಿ ಹಾಕಿದ ಪುಸ್ತಕ

ಸಹಿ ಇರುವ ಪುಸ್ತಕಗಳ ಕಡೆ ಹೊರಳಿದ್ದು ಆಮೇಲೆ. ಕನ್ನಡದಲ್ಲಿ ಲೇಖಕರಿಗೂ ಓದುವವರಿಗೂ ನಡುವೆ ಅಂತರ ಬಹಳ ಇರಲಿಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು. ಜಿ.ಪಿ. ರಾಜರತ್ನಂ ಅವರೂ ಪುಸ್ತಕದ ಗಂಟು ಹೊತ್ತವರೇ. ಬರೆದ ಕೈಯಿಂದಲೇ ಪುಸ್ತಕ ಓದುವವರ ಕೈಗೆ ಬರುತ್ತಿತ್ತು ಅಂದಮೇಲೆ ಹೆಸರು ಬರೆದು ಕೊಡುವುದು ಸಹಜ. ಹಾಗಾಗಿ ಹಳೆಯ ಕನ್ನಡ ಪುಸ್ತಕಗಳಲ್ಲಿ ಸಹಿ ಸಿಗುವುದು ತೀರಾ ಅಪರೂಪವಲ್ಲ. ಅವೆನ್ಯೂ ರಸ್ತೆ, 1945ರಲ್ಲಿ ಶುರುವಾಗಿ ಆಮೇಲೆ ಬ್ರಿಗೇಡ್ ರಸ್ತೆ ಪಕ್ಕದ ಗಲ್ಲಿಗೆ ಬಂದ ಸೆಲೆಕ್ಟ್ ಬುಕ್ ಶಾಪ್, ಇಂಥ ಕಡೆ ತಾಳ್ಮೆಯಿಂದ ಮೊದಲ ಹಾಳೆ ತಿರುವುತ್ತಾ ಕೂತರೆ ಸಿಗುತ್ತದೆ.

ಒಂದು ಎಚ್ಚರ ಬೇಕು. ಮುನ್ನುಡಿಯ ಕೆಳಗೆ ಲೇಖಕರ ಸಹಿಯನ್ನೇ ಅಚ್ಚು ಹಾಕಿಸುವ ಪದ್ಧತಿ ಇತ್ತು. ಹೊಸಬರು ಅದನ್ನೇ ನಿಜವಾದ ಸಹಿ ಅಂದುಕೊಂಡು ಜಾಸ್ತಿ ದುಡ್ಡು ಕೊಡುತ್ತಾರೆ. ಪುಟವನ್ನು ದೀಪಕ್ಕೆ ಓರೆಯಾಗಿ ಹಿಡಿಯಬೇಕು. ಅಚ್ಚಿನ ಸಹಿ ಎಲ್ಲಾ ಕಡೆ ಒಂದೇ ಕಪ್ಪು. ಶಾಯಿಯ ಸಹಿ ಹಾಗಲ್ಲ. ಕೈ ನಿಧಾನವಾದ ಕಡೆ ದಟ್ಟ, ಓಡಿದ ಕಡೆ ತೆಳು. ಶಾಯಿ ಕಾಗದದ ನಾರಿಗೆ ಇಳಿದಿರುತ್ತದೆ, ಹಿಂಬದಿಗೆ ಹೊರಳಿಸಿದರೆ ನೆರಳು ಕಾಣುತ್ತದೆ. ಬರೆದ ತಕ್ಷಣ ಪುಸ್ತಕ ಮುಚ್ಚಿದ್ದರೆ ಎದುರಿನ ಹಾಳೆಗೆ ತಿರುಗುಮುರುಗಾಗಿ ಅಂಟಿರುತ್ತದೆ. ಅದನ್ನು ಕಂಡರೆ ನನಗೆ ಖುಷಿ. ಅವಸರದಲ್ಲಿ ಕೊಟ್ಟು ಹೋದರು, ಬಸ್ಸು ಹೊರಡುವುದರಲ್ಲಿತ್ತೋ ಏನೋ ಅನ್ನಿಸುತ್ತದೆ.

ನಗೆಯವರ ಸಹಿಯಲ್ಲಿ ನನ್ನ ಮನಸ್ಸು ಕದ್ದದ್ದು ಬೀಚಿಯವರದು. ಅವರ ನಿಜವಾದ ಹೆಸರು ರಾಯಸಂ ಭೀಮಸೇನರಾವ್. ಬೀಚಿ ಎಂಬ ಕಾವ್ಯನಾಮದ ಮೊದಲ ಅಕ್ಷರವನ್ನು ಕನ್ನಡದಲ್ಲೂ ಎರಡನೆಯದನ್ನು ಇಂಗ್ಲಿಷಿನಲ್ಲೂ, 'ಬೀchi' ಅಂತ ಬರೆಯುತ್ತಿದ್ದರು. ತಮ್ಮ ನಗೆಬರಹದ ಪಾತ್ರ ತಿಮ್ಮನ ಲೋಕಕ್ಕೆ ಬಾಗಿಲಲ್ಲೇ ಬಾ ಅಂತ ಕರೆದ ಹಾಗೆ. ಪೊಲೀಸ್ ಇಲಾಖೆಯಲ್ಲಿ ಗುಮಾಸ್ತಿಕೆ ಮಾಡಿದ ಮನುಷ್ಯ ಹೆಸರು ಬರೆಯುವುದರಲ್ಲೇ ನಗಿಸಿದರು.

ಮಾರುವವರ ಲೆಕ್ಕ ಬೇರೆ. ಬರೀ ಸಹಿ ಇದ್ದರೆ ಬೆಲೆ ಜಾಸ್ತಿ. "ಇಂಥವರಿಗೆ ಪ್ರೀತಿಯಿಂದ" ಅಂತ ಇದ್ದು, ಆ 'ಇಂಥವರು' ಯಾರಿಗೂ ಗೊತ್ತಿಲ್ಲದವರಾದರೆ ಬೆಲೆ ಕಡಿಮೆ. ಈ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಬರೀ ಸಹಿ ಸಮಾರಂಭದ ಮೇಜಿನ ಮೇಲೆ ಹಾಕಿದ್ದಿರಬಹುದು. ಹೆಸರು ಬರೆದು, ಒಂದು ಮಾತು ಬರೆದು ಕೊಟ್ಟದ್ದರಲ್ಲಿ ಇಬ್ಬರು ಮನುಷ್ಯರಿದ್ದಾರೆ.

ಕೊಡೆ

ಹರಿದ ಹಾಳೆಯನ್ನು ಮನೆಗೆ ತಂದು, ಬಿಳಿ ಕಾಗದದ ನಡುವೆ ಇಟ್ಟು, ಮೇಲೆ ನಿಘಂಟು ಹೇರಿ ಮೂರು ದಿನ ಬಿಟ್ಟೆ. ಸುಕ್ಕು ಪೂರ್ತಿ ಹೋಗಲಿಲ್ಲ. ಪುಸ್ತಕದ ಒಳಗಿನ ಶೀರ್ಷಿಕೆ ಪುಟದಲ್ಲಿ ವಕೀಲರ ರಬ್ಬರ್ ಸ್ಟ್ಯಾಂಪು ಇತ್ತು. ಹೆಸರು, ಕ್ರಾಸು, ಮನೆ ನಂಬರು. ಹುಡುಗ ಅದನ್ನು ನೋಡಿರಲಿಲ್ಲ. ಎರಡು ತಿಂಗಳು ಹೋಗಲೋ ಬೇಡವೋ ಅಂತ ಯೋಚಿಸಿದೆ. ಮಾರಿದವರ ಮನೆಗೆ ಹೋಗಿ, ನೀವು ಮಾರಿದ್ದು ಇದು ಅಂತ ತೋರಿಸುವುದು ಅವರಿಗೆ ನೋವಾದರೆ? ಆದರೆ ಕೊಡೆ ನನ್ನನ್ನು ಬಿಡಲಿಲ್ಲ.

ಆ ನಂಬರಿನ ಮನೆ ಇರಲಿಲ್ಲ, ಅಪಾರ್ಟ್‌ಮೆಂಟ್ ಎದ್ದಿತ್ತು. ಎದುರಿನ ಮೆಡಿಕಲ್ ಸ್ಟೋರಿನವರು ಪಕ್ಕದ ಬೀದಿಯಲ್ಲಿ ಮಗನ ಮನೆ ತೋರಿಸಿದರು. ವಕೀಲರು ತೀರಿಕೊಂಡು ಬಹಳ ವರ್ಷವಾಗಿತ್ತು. ಅವರ ಹೆಂಡತಿ ಇದ್ದರು. ಎಂಬತ್ತೈದು ದಾಟಿದವರು. ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಸೊಸೆ ನನ್ನನ್ನು ಒಳಗೆ ಕರೆದರು. ಪುಸ್ತಕ ನೋಡಿದ ಕೂಡಲೇ ಅವರ ಮುಖದಲ್ಲಿ ಸಂಕೋಚ ಬಂತು. "ಮನೆ ಖಾಲಿ ಮಾಡುವಾಗ ಏನು ಹೋಯ್ತು ಏನು ಉಳೀತು ಗೊತ್ತಾಗಲಿಲ್ಲ" ಅಂದರು. ನಾನು ಅದಕ್ಕಲ್ಲ ಬಂದದ್ದು ಅಂತ ಎರಡು ಸಲ ಹೇಳಬೇಕಾಯಿತು.

"ಬಾಮ್ಮ, ಕೂತ್ಕೋ" ಅಂದರು ಅಜ್ಜಿ. ಹಾಳೆಯನ್ನು ಕೊಟ್ಟೆ. ಕಣ್ಣಿನ ಹತ್ತಿರ ಹಿಡಿದರು. ದೂರ ಹಿಡಿದರು. ಸೊಸೆ ಕನ್ನಡಕ ತಂದುಕೊಟ್ಟರು. ಒಂದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಅವರ ಹೊಟ್ಟೆ ಕುಲುಕಿತು. ಆಮೇಲೆ ಭುಜ. ಮಡಿಲಿನಲ್ಲಿದ್ದ ಅವರೆಕಾಳು ನೆಲಕ್ಕೆ ಚೆಲ್ಲಿತು. ಕೆಮ್ಮು ಬಂತು, ನೀರು ಕುಡಿಸಿದೆವು, ಮತ್ತೆ ನಕ್ಕರು. ಸೊಸೆ ಗಾಬರಿಯಾಗಿ "ಅಮ್ಮಾ, ಏನಾಯ್ತು?" ಅಂದರು.

ಒಂದು ಸಂಜೆ ಆ ಲೇಖಕರು ಇವರ ಮನೆಗೆ ಬಂದಿದ್ದರಂತೆ. ಮಾತು ಮುಗಿಯಲಿಲ್ಲ, ಮಳೆ ಹಿಡಿಯಿತು. ವಕೀಲರು ತಮ್ಮ ಕೊಡೆ ಕೊಟ್ಟು ಕಳಿಸಿದರು. ಅದು ಮಾವನವರು ಮದುವೆಯಲ್ಲಿ ಕೊಟ್ಟ ಕೊಡೆ. ಅಂದರೆ ಈ ಅಜ್ಜಿಯ ತಂದೆ ಕೊಟ್ಟದ್ದು. ಲೇಖಕರು ಅದನ್ನು ಸಿಟಿ ಬಸ್ಸಿನಲ್ಲಿ ಬಿಟ್ಟು ಇಳಿದರು. ಹೇಳಲು ಮುಖವಿಲ್ಲದೆ ಆರು ತಿಂಗಳು ಈ ಬೀದಿಗೇ ಬರಲಿಲ್ಲ. ಇಲ್ಲಿ ಅಜ್ಜಿ ಗಂಡನಿಗೆ ದಿನಾ ಕೇಳುತ್ತಿದ್ದರಂತೆ, ನಮ್ಮಪ್ಪನ ಕೊಡೆ ಎಲ್ಲಿ ಅಂತ. ಒಂದು ದಿನ ಅವರು ಬಂದರು, ಕೈಯಲ್ಲಿ ಆಗತಾನೇ ಅಚ್ಚಾದ ಪುಸ್ತಕ. ವಕೀಲರು ಮೊದಲ ಹಾಳೆ ಓದಿ ಏನೂ ಮಾತಾಡದೆ ಅಡುಗೆಮನೆಗೆ ಬಂದು, "ತಗೋ, ನಿಮ್ಮಪ್ಪನ ಕೊಡೆ ಬಂತು" ಅಂ‍ತ ಪುಸ್ತಕ ಕೈಗೆ ಕೊಟ್ಟರು.

ಸೊಸೆಗೆ ಇದು ಗೊತ್ತಿರಲಿಲ್ಲ. ಮಗನಿಗೂ ಗೊತ್ತಿರಲಿಲ್ಲ. ಹಾಳೆಯನ್ನೂ ಪುಸ್ತಕವನ್ನೂ ನೀವೇ ಇಟ್ಟುಕೊಳ್ಳಿ ಅಂದೆ. ಅಜ್ಜಿ ತಲೆ ಅಲ್ಲಾಡಿಸಿದರು. "ಇಲ್ಲಿದ್ರೆ ಮತ್ತೆ ಹೋಗತ್ತೆ. ನೀನೇ ಇಟ್ಕೋ. ಒಂದು ಪೆನ್ನು ಕೊಡು."

ಕೊಟ್ಟೆ. ಹಾಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಸುಕ್ಕನ್ನು ಅಂಗೈಯಿಂದ ಸವರಿ, ಲೇಖಕರ ಸಹಿಯ ಕೆಳಗೆ ನಡುಗುವ ಅಕ್ಷರದಲ್ಲಿ ಬರೆದರು. ಬರೆಯಲು ಬಹಳ ಹೊತ್ತು ಹಿಡಿಯಿತು.

"ಕೊಡೆ ಕಪ್ಪು ಬಟ್ಟೆಯದು. ಹಿಡಿ ಬೆತ್ತದ್ದು. ಚೆನ್ನಾಗಿತ್ತು."